ಕಂಬದ ನಂಬರು ಹೇಳುವ ಬೆಳಕು

ಹೊಸೂರು ರಸ್ತೆಯ ಎಲಿವೇಟೆಡ್ ಹೈವೇ ಮೇಲೆ ಒಂದು ರಾತ್ರಿ ನಮ್ಮ ಟ್ಯಾಕ್ಸಿ ಪಂಕ್ಚರ್ ಆಯಿತು. ತೆಗೆದು ನೋಡಿದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ಡ್ರೈವರ್ ತನ್ನ ಗೆಳೆಯನಿಗೆ ಫೋನ್ ಮಾಡಿ ಲೊಕೇಶನ್ ಕಳಿಸಿದರು. ಇಪ್ಪತ್ತು ನಿಮಿಷಕ್ಕೆ ಗೆಳೆಯ ಬಂದ, ಆದರೆ ಕೆಳಗಿನ ರಸ್ತೆಗೆ. 'ನೀನು ಕಳಿಸಿದ ಜಾಗದಲ್ಲೇ ನಿಂತಿದ್ದೀನಿ ಕಣೋ, ಎಲ್ಲಿದ್ದೀಯ?' ಎಂದು ಆತ ಕೇಳುತ್ತಿದ್ದುದು ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು. ಇಬ್ಬರ ಫೋನಿನ ನೀಲಿ ಚುಕ್ಕೆಗಳೂ ಒಂದರ ಮೇಲೊಂದು ಕೂತಿದ್ದವು. ನಡುವೆ ಕಾಂಕ್ರೀಟಿನ ಹಾಸು. ಅವನು ಸುತ್ತು ಹೊಡೆದು ಟೋಲ್ ದಾಟಿ ಮೇಲೆ ಬರುವಾಗ ಡ್ರೈವರ್ ಫೋನನ್ನು ಜೇಬಿಗಿಟ್ಟು, ಪಕ್ಕದ ದೀಪದ ಕಂಬದ ಹತ್ತಿರ ಹೋಗಿ, ಅದರ ಮೇಲೆ ಬಣ್ಣದಲ್ಲಿ ಬರೆದಿದ್ದ ನಂಬರನ್ನು ಓದಿಕೊಂಡು ಬಂದರು. 'ಕಂಬದ ನಂಬರ್ ಹೇಳ್ತೀನಿ, ಅದನ್ನೇ ನೋಡ್ಕೊಂಡು ಬಾ.' ಹತ್ತು ನಿಮಿಷದಲ್ಲಿ ಗೆಳೆಯನ ಬೈಕು ನಮ್ಮ ಹಿಂದೆ ಬಂದು ನಿಂತಿತು.

ಆವತ್ತಿನಿಂದ ಆ ಕಂಬ ನನ್ನ ತಲೆಯಿಂದ ಇಳಿದಿಲ್ಲ. ಆಕಾಶದಲ್ಲಿ ಅಷ್ಟೆಲ್ಲ ಉಪಗ್ರಹಗಳಿದ್ದೂ, ನಾವೆಲ್ಲಿದ್ದೇವೆಂದು ಸರಿಯಾಗಿ ಹೇಳಿದ್ದು ಕಾಲ ಬುಡದಲ್ಲಿದ್ದ ಒಂದು ದೀಪದ ಕಂಬ. ಆ ನಂಬರನ್ನು ದೀಪವೇ, ತನ್ನ ಬೆಳಕಿನಲ್ಲೇ, ದಾರಿಯಲ್ಲಿ ಹೋಗುವ ಪ್ರತಿ ವಾಹನಕ್ಕೂ ಹೇಳುವಂತಿದ್ದರೆ? ಇದು ಬರೀ ಕಲ್ಪನೆಯಲ್ಲ. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ಜನ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ.

ಮೊದಲು ನೀಲಿ ಚುಕ್ಕೆಯ ಕಷ್ಟವನ್ನು ನೋಡೋಣ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತನ್ನ ಪರಮಾಣು ಗಡಿಯಾರ ನೋಡಿಕೊಂಡು 'ಈಗ ಗಂಟೆ ಇಷ್ಟು, ನಾನಿರುವುದು ಇಲ್ಲಿ' ಎಂದು ರೇಡಿಯೋದಲ್ಲಿ ಸಾರುತ್ತಲೇ ಇರುತ್ತದೆ. ಆ ಮಾತು ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎನ್ನುವುದರಿಂದ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಹೀಗೆ ನಾಲ್ಕು ಉಪಗ್ರಹ ಸಿಕ್ಕರೆ ಜಾಗ ಸಿಕ್ಕಿತು. ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಸಮಯ ತಪ್ಪಿದರೆ 30 ಸೆಂಟಿಮೀಟರ್ ತಪ್ಪುತ್ತದೆ. ಅಷ್ಟು ನಾಜೂಕಿನ ಲೆಕ್ಕ ಅದು. ಇನ್ನು ಆ ಮಾತು ನೆಲ ಮುಟ್ಟುವ ಹೊತ್ತಿಗೆ ಉಳಿದಿರುವ ಶಕ್ತಿ ಒಂದು ವಾಟಿನ ಹತ್ತು ಸಾವಿರ ಲಕ್ಷ ಕೋಟಿಯ ಒಂದು ಪಾಲಿನ ಆಸುಪಾಸು. ಇಷ್ಟು ಕ್ಷೀಣವಾದ ದನಿ ಗಾಜಿನ ಕಟ್ಟಡಕ್ಕೆ ಬಡಿದು ವಾಪಸು ಬಂದರೆ ದೂರ ಹೆಚ್ಚಾಗಿ ಕಾಣುತ್ತದೆ. ಮೇಲೆ ಕೆಳಗೆ ಎಂಬ ಭೇದ ಮೊದಲೇ ಮಸುಕು, ಯಾಕೆಂದರೆ ಉಪಗ್ರಹಗಳೆಲ್ಲ ಇರುವುದು ತಲೆಯ ಮೇಲೆ. ಕಾಲಿನ ಕೆಳಗೆ ಒಂದೂ ಇಲ್ಲ. ಸುರಂಗದೊಳಗಂತೂ ಆ ದನಿ ಬರುವುದೇ ಇಲ್ಲ. ನಮ್ಮದೇ ನಾವಿಕ್ ಉಪಗ್ರಹಗಳಿವೆಯಲ್ಲ ಎನ್ನಬಹುದು. ಅವು ಇರುವುದು ಇನ್ನೂ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಸ್ವದೇಶಿಯಾದರೂ ಬಂಡೆಯನ್ನು ತೂರಿ ಬರುವ ಶಕ್ತಿ ಅವಕ್ಕೂ ಇಲ್ಲ.

ಕ್ಷೀಣ ದನಿಗೆ ಇನ್ನೊಂದು ಅಪಾಯವಿದೆ. ಪಕ್ಕದಲ್ಲಿ ಯಾರಾದರೂ ಗಟ್ಟಿಯಾಗಿ ಕಿರುಚಿದರೆ ಅದು ಮುಳುಗಿಹೋಗುತ್ತದೆ. ಯಾರಾದರೂ ಅದೇ ದನಿಯಲ್ಲಿ ಸುಳ್ಳು ಹೇಳಿದರೆ ಫೋನು ನಂಬಿಬಿಡುತ್ತದೆ. ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ 2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಅಮೃತಸರ ಮತ್ತು ಜಮ್ಮು ಭಾಗದಲ್ಲೇ ವಿಮಾನಗಳಿಗೆ ಹೀಗೆ ಅಡಚಣೆಯಾದ 465 ಘಟನೆಗಳು ವರದಿಯಾಗಿವೆ. ವಿಮಾನಕ್ಕಾದರೆ ಬೇರೆ ಉಪಕರಣಗಳಿರುತ್ತವೆ. ಆಂಬುಲೆನ್ಸಿಗೆ ಏನಿದೆ?

ದೀಪ ನೋಡಿ ದಾರಿ ಕಂಡುಕೊಳ್ಳುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ. ಕಾಪುವಿನ ಬಂಡೆಯ ಮೇಲೆ 1901ರಿಂದ ನಿಂತಿರುವ ದೀಪಸ್ತಂಭವನ್ನೇ ತೆಗೆದುಕೊಳ್ಳಿ. ಅಕ್ಕಪಕ್ಕದ ಎರಡು ದೀಪಸ್ತಂಭಗಳು ಒಂದೇ ಥರ ಮಿನುಗುವುದಿಲ್ಲ. ಎಷ್ಟು ಮಿಂಚು, ನಡುವೆ ಎಷ್ಟು ಕತ್ತಲು ಎಂಬುದು ಒಂದೊಂದಕ್ಕೆ ಒಂದೊಂದು ಥರ, ಅದನ್ನು ನಾವಿಕರ ಪಟ್ಟಿಯಲ್ಲಿ ಅಚ್ಚು ಹಾಕಿರುತ್ತಾರೆ. ಎಣಿಸಿದವನಿಗೆ ಎದುರಿಗಿರುವುದು ಕಾಪುವೋ ಸುರತ್ಕಲ್ಲೋ ಗೊತ್ತಾಗುತ್ತದೆ. ಬೆಳಕಿಗೆ ಹೆಸರು ಕೊಡುವುದು ಎಂದರೆ ಇದೇ.

ನೆಲದ ಮೇಲೆ ಇದೇ ವಿದ್ಯೆಯನ್ನು ಗಣಿತಕ್ಕೆ ಕೂಡಿಸಿದವರು ಸರ್ವೆಯವರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಸರಪಣಿ ಹಾಸಿ ಒಂದು ನೇರ ಗೆರೆಯನ್ನು ಅಳೆದ. ಎರಡು ವರ್ಷ ಕಳೆದು ಮದರಾಸಿನಲ್ಲಿ ಶುರುವಾದ ಮಹಾ ತ್ರಿಕೋನಮಿತೀಯ ಸರ್ವೆಗೆ ಇದು ತಾಲೀಮು. ಒಂದು ಬದಿಯ ಉದ್ದ ಗೊತ್ತಿದ್ದರೆ, ಉಳಿದದ್ದನ್ನೆಲ್ಲ ಕೋನ ಅಳೆದೇ ಲೆಕ್ಕ ಹಾಕಬಹುದು. ಆದರೆ ಕೋನ ಅಳೆಯಬೇಕಾದರೆ ದೂರದ ಗುಡ್ಡದ ತುದಿ ಕಾಣಬೇಕು. ಉತ್ತರದ ಬಯಲಿನ ದೂಳಿನಲ್ಲಿ ಅದು ಕಾಣದಾದಾಗ, ಲ್ಯಾಂಬ್ಟನ್ ನಂತರ ಸರ್ವೆಯ ಹೊಣೆ ಹೊತ್ತ ಜಾರ್ಜ್ ಎವರೆಸ್ಟ್ ಹಗಲಿಗೆ ಕನ್ನಡಿ, ಇರುಳಿಗೆ ದೀಪ ಎಂದು ವ್ಯವಸ್ಥೆ ಮಾಡಿದ. ಗಣಿತಜ್ಞ ಗಾಸ್ 1821ರಲ್ಲಿ ಕಂಡುಹಿಡಿದಿದ್ದ ಹೀಲಿಯೋಟ್ರೋಪ್ ಎಂಬ ಕನ್ನಡಿ ಸೂರ್ಯನ ಕಿರಣವನ್ನು ನೇರ ಕೋನ ಅಳೆಯುವ ಥಿಯೋಡೊಲೈಟಿನ ಕಣ್ಣಿಗೆ ಹಾಯಿಸುತ್ತಿತ್ತು. ಕತ್ತಲಾದ ಮೇಲೆ ನೀಲಿ ಬತ್ತಿ ಉರಿಸುತ್ತಿದ್ದರು. ಎಲ್ಲೋ ಗೋಪುರದ ಮೇಲೆ ರಾತ್ರಿಯೆಲ್ಲ ಎಚ್ಚರವಿದ್ದು ದೀಪ ಕಾಯುತ್ತಿದ್ದ ಆ ಖಲಾಸಿಗಳ ಹೆಸರು ಯಾವ ನಕ್ಷೆಯಲ್ಲೂ ಇಲ್ಲ, ಆದರೆ ನಕ್ಷೆ ನಿಂತಿರುವುದು ಅವರ ದೀಪದ ಮೇಲೆ.

ಥಿಯೋಡೊಲೈಟ್ ಮಾಡುತ್ತಿದ್ದ ಕೆಲಸವನ್ನು ಈಗ ಕ್ಯಾಮೆರಾ ಮಾಡುತ್ತದೆ. ಕ್ಯಾಮೆರಾ ಎಂದರೆ ಚಿತ್ರ ತೆಗೆಯುವ ಪೆಟ್ಟಿಗೆ ಎಂದುಕೊಂಡಿದ್ದೇವೆ. ಸರ್ವೆಯವನ ಕಣ್ಣಿಗೆ ಅದು ಕೋನ ಅಳೆಯುವ ಯಂತ್ರ. ಅದರ ಒಂದೊಂದು ಪಿಕ್ಸೆಲ್ಲೂ ಒಂದೊಂದು ದಿಕ್ಕು. ಒಂದು ದೀಪ ಯಾವ ಪಿಕ್ಸೆಲ್ ಮೇಲೆ ಬಿತ್ತು ಎಂದು ತಿಳಿದರೆ ಅದು ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಮುಂದೆ ಹೋಗುವ ಕಾರಿನ ಎರಡು ಹಿಂದೀಪಗಳ ನಡುವೆ ಒಂದೂವರೆ ಮೀಟರ್ ಇದೆ ಎಂದಿಟ್ಟುಕೊಳ್ಳಿ. ಒಂದು ಮೀಟರ್ ದೂರದಲ್ಲಿರುವ ಒಂದು ಮೀಟರ್ ಉದ್ದದ ಕೋಲು ನಮ್ಮ ಕ್ಯಾಮೆರಾದಲ್ಲಿ 1000 ಪಿಕ್ಸೆಲ್ ಉದ್ದ ಕಾಣುತ್ತದೆ ಎನ್ನೋಣ. ಆ ದೀಪಗಳು ಚಿತ್ರದಲ್ಲಿ 50 ಪಿಕ್ಸೆಲ್ ಅಂತರದಲ್ಲಿದ್ದರೆ ಕಾರು ಇರುವುದು 30 ಮೀಟರ್ ಮುಂದೆ. 15 ಪಿಕ್ಸೆಲ್ ಅಂತರವಾದರೆ 100 ಮೀಟರ್. ಎಸ್ಸೆಸ್ಸೆಲ್ಸಿಯ ಸಮರೂಪ ತ್ರಿಭುಜ ಬಲ್ಲವರಿಗೆ ಇದು ಎರಡು ಸಾಲಿನ ಲೆಕ್ಕ. ಈಗ ಒಂದೇ ಒಂದು ಪಿಕ್ಸೆಲ್ ಎಣಿಕೆ ತಪ್ಪಿತು ಎನ್ನಿ. ಹತ್ತಿರದ ಕಾರಿನ ದೂರ 30ರ ಬದಲು 30.6 ಮೀಟರ್ ಎಂದು ಬರುತ್ತದೆ, ಚಿಂತೆಯಿಲ್ಲ. ದೂರದ ಕಾರು 100ರ ಬದಲು 107 ಮೀಟರ್ ಆಗಿಬಿಡುತ್ತದೆ. ಕ್ಯಾಮೆರಾ ಹತ್ತಿರದ್ದನ್ನು ಕಂಡಷ್ಟು ಚೆನ್ನಾಗಿ ದೂರದ್ದನ್ನು ಕಾಣದು. ಈ ವಿದ್ಯೆಯ ಬಲವೂ ಮಿತಿಯೂ ಈ ಏಳು ಮೀಟರಿನಲ್ಲಿದೆ. ಆದ್ದರಿಂದಲೇ ಇದಕ್ಕೆ ಸುರಂಗ ಹೇಳಿ ಮಾಡಿಸಿದ ಜಾಗ. ಅಲ್ಲಿ ದೀಪಗಳು ಹತ್ತಿರ ಹತ್ತಿರ ಇರುತ್ತವೆ.

ಜಾಗ ಗೊತ್ತಿರುವ ಮೂರು ದೀಪಗಳನ್ನು ಒಟ್ಟಿಗೆ ಕಂಡರೆ ವಾಹನ ತನ್ನ ಜಾಗವನ್ನು ತಾನೇ ಕಟ್ಟಿಕೊಳ್ಳಬಹುದು. ಸಿವಿಲ್ ಇಂಜಿನಿಯರಿಂಗ್ ಓದಿದವರು ಪ್ಲೇನ್ ಟೇಬಲ್ ಮುಂದೆ ಬಿಸಿಲಲ್ಲಿ ನಿಂತು ಬಿಡಿಸಿದ ಮೂರು ಬಿಂದುಗಳ ಸಮಸ್ಯೆ ನೆನಪಿರಬಹುದು, ಇದು ಅದೇ. ಒಂದು ಕೊಕ್ಕೆ ಮಾತ್ರ ಇದೆ: ಮೂರೂ ದೀಪ ಒಂದೇ ಸಾಲಿನಲ್ಲಿದ್ದರೆ ಆ ಸಾಲಿನ ಸುತ್ತ ನೀವು ಯಾವ ಕಡೆ ಇದ್ದೀರಿ ಎಂಬುದು ದೀಪಗಳಿಂದಲೇ ತೀರ್ಮಾನವಾಗುವುದಿಲ್ಲ. ಸುರಂಗದ ನಡು ಮಾಡಿನಲ್ಲಿ ಒಂದೇ ಸಾಲು ದೀಪ ಹಾಕಿದರೆ ಈ ತೊಡಕು. ಎರಡೂ ಗೋಡೆಯ ಕಡೆ ಹಾಕಿದರೆ ಬಗೆಹರಿಯಿತು. ದೀಪ ಹಾಕುವ ಇಂಜಿನಿಯರ್ ಬೆಳಕಿನ ಜೊತೆ ರೇಖಾಗಣಿತವನ್ನೂ ಯೋಚಿಸಬೇಕಾಗುತ್ತದೆ.

ಆದರೆ ಸುರಂಗದ ದೀಪಗಳೆಲ್ಲ ಒಂದೇ ಅಚ್ಚಿನವು. ಇದು ಯಾವ ದೀಪ ಎಂದು ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು? ಇಲ್ಲಿಯೇ ಎಲ್‌ಇಡಿ ಕೈಹಿಡಿಯುವುದು. ಹಳೆಯ ಬಲ್ಬಿನ ತಂತಿ ಕಾದು ಬೆಳಗಬೇಕಿತ್ತು, ಆರಲು ಅದಕ್ಕೂ ಹೊತ್ತು ಬೇಕು. ಎಲ್‌ಇಡಿಯನ್ನು ಸೆಕೆಂಡಿಗೆ ಲಕ್ಷಾಂತರ ಸಲ ಆರಿಸಿ ಹೊತ್ತಿಸಬಹುದು. ಸೆಕೆಂಡಿಗೆ ಸಾವಿರ ಸಲ ಮಿಟುಕಿಸಿದರೂ ನಮ್ಮ ಕಣ್ಣಿಗೆ ಅದು ನಿಶ್ಚಲ ಬೆಳಕು. ಬೀದಿದೀಪ ಬೀದಿದೀಪವಾಗಿಯೇ ಉಳಿಯುತ್ತದೆ, ಬೆಳಕಿನ ಒಳಗೆ ತನ್ನ ನಂಬರನ್ನು ಬಡಬಡಿಸುತ್ತಲೂ ಇರುತ್ತದೆ. ಜಪಾನಿನ ಕೀಯೊ ವಿಶ್ವವಿದ್ಯಾಲಯದಲ್ಲಿ ಮಸಾವೊ ನಾಕಾಗಾವಾ ಅವರ ತಂಡ 2000ದ ದಶಕದ ಆರಂಭದಲ್ಲೇ ಮನೆಯ ಎಲ್‌ಇಡಿ ದೀಪದಿಂದ ಮಾತನಾಡಿಸುವ ಈ ದಾರಿ ತೆರೆಯಿತು.

ಆ ಮಿಟುಕನ್ನು ನೀವು ಮನೆಯಲ್ಲೇ ಹಿಡಿಯಬಹುದು. ಅಗ್ಗದ ಒಂದು ಎಲ್‌ಇಡಿ ಬಲ್ಬಿನ ಕೆಳಗೆ ಬಿಳಿ ಗೋಡೆಗೆ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಎಷ್ಟೋ ಸಲ ಪರದೆಯ ಮೇಲೆ ಕಪ್ಪು ಪಟ್ಟೆಗಳು ನಿಧಾನಕ್ಕೆ ಹರಿಯುವುದು ಕಾಣುತ್ತದೆ. ಗೋಡೆಯ ಮೇಲೆ ಪಟ್ಟೆ ಇಲ್ಲ, ಕಣ್ಣಿಗೂ ಕಾಣುವುದಿಲ್ಲ. ನಮ್ಮ ಕರೆಂಟಿನ ಏರಿಳಿತಕ್ಕೆ ಬಲ್ಬು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತಿರುತ್ತದೆ; ಮೊಬೈಲ್ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಏಟಿಗೆ ತೆಗೆಯದೆ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಬಲ್ಬು ಮಂಕಾದ ಗಳಿಗೆಯಲ್ಲಿ ಓದಿದ ಸಾಲುಗಳು ಕಪ್ಪಾಗುತ್ತವೆ. ಸೆಕೆಂಡಿಗೆ 30 ಚಿತ್ರ, ಒಂದು ಚಿತ್ರಕ್ಕೆ 1080 ಸಾಲು ಎಂದರೆ ಸಾಲಿನಿಂದ ಸಾಲಿಗೆ ಸೆಕೆಂಡಿನ ಹತ್ತು ಲಕ್ಷದ ಸುಮಾರು 30 ಭಾಗದಷ್ಟು ಅಂತರ. ಸೆಕೆಂಡಿಗೆ ಸಾವಿರ ಸಲ ಮಿಟುಕುವ ದೀಪ ಇದರಲ್ಲಿ 16 ಸಾಲು ಬಿಳಿ, 16 ಸಾಲು ಕಪ್ಪು ಪಟ್ಟೆಯಾಗಿ ಮೂಡುತ್ತದೆ. ಎರಡು ಸಾವಿರ ಸಲದ ದೀಪ ಅದರ ಅರ್ಧ ದಪ್ಪದ ಪಟ್ಟೆ. ಪಟ್ಟೆಯ ದಪ್ಪ ನೋಡಿ ದೀಪದ ಹೆಸರು ಹೇಳಬಹುದು, ಲುಂಗಿಯ ಚೌಕುಳಿ ನೋಡಿ ಮಗ್ಗದ ಊರು ಹೇಳುವ ಹಾಗೆ. 2015ರಲ್ಲಿ ಫ್ರಾನ್ಸಿನ ಲೀಲ್ ನಗರದ ಒಂದು ಕ್ಯಾರ್‌ಫೂರ್ ಮಳಿಗೆಯಲ್ಲಿ ಫಿಲಿಪ್ಸ್ ಕಂಪನಿ ಇಂಥ ದೀಪಗಳನ್ನು ಹಾಕಿ, ಗಿರಾಕಿ ಯಾವ ಸಾಲಿನ ಮುಂದೆ ನಿಂತಿದ್ದಾನೆ ಎಂದು ಅವನ ಫೋನಿಗೇ ಹೇಳಿಸಿತು.

ಓಡುವ ವಾಹನಕ್ಕೆ ಇದು ಅಷ್ಟು ಸುಲಭವಲ್ಲ. ಪಟ್ಟೆ ಮೂಡಬೇಕಾದರೆ ದೀಪದ ಚಿತ್ರ ಹತ್ತಾರು ಸಾಲು ಅಗಲ ಇರಬೇಕು. ದೂರದ ದೀಪ ಬರೀ ಮೂರು ನಾಲ್ಕು ಸಾಲಿನ ಚುಕ್ಕಿ. ಆದ್ದರಿಂದ ನಗೋಯಾ ವಿಶ್ವವಿದ್ಯಾಲಯದ ತಕಾಯಾ ಯಾಮಾಜಾಟೊ ಮತ್ತು ಸಂಗಡಿಗರು ಸೆಕೆಂಡಿಗೆ ಸಾವಿರ ಚಿತ್ರ ತೆಗೆಯುವ ವೇಗದ ಕ್ಯಾಮೆರಾವನ್ನು ಕಾರಿನಲ್ಲಿಟ್ಟು ಟ್ರಾಫಿಕ್ ಸಿಗ್ನಲಿನಂಥ ಎಲ್‌ಇಡಿ ಫಲಕದ ಮಾತನ್ನು ಓದಿಸಿದರು. ಕ್ಯಾಮೆರಾದ ಒಂದು ದೊಡ್ಡ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ರೇಡಿಯೋದಲ್ಲಿ ಹತ್ತು ಮಂದಿ ಒಟ್ಟಿಗೆ ಮಾತಾಡಿದರೆ ಗದ್ದಲ. ಕ್ಯಾಮೆರಾದಲ್ಲಿ ಹತ್ತು ದೀಪ ಹತ್ತು ಬೇರೆ ಬೇರೆ ಪಿಕ್ಸೆಲ್ಲಿನ ಮೇಲೆ ಬೀಳುತ್ತವೆ, ಹತ್ತರ ಮಾತೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಸೂರ್ಯ ಕೂಡ ಒಂದು ಮೂಲೆಯ ಒಂದಿಷ್ಟು ಪಿಕ್ಸೆಲ್ಲಿಗೆ ಸೀಮಿತ. ಇದಕ್ಕಿಂತ ಸರಳವಾದದ್ದೊಂದು ಜಪಾನಿನ ರಸ್ತೆಗಳಲ್ಲಿ 1996ರಿಂದಲೇ ಇದೆ: ರಸ್ತೆಯ ಮೇಲೆ ತೂಗುಹಾಕಿದ ಪೆಟ್ಟಿಗೆಗಳು ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಕೆಳಗೆ ಹಾಯುವ ಕಾರಿಗೆ ಮುಂದಿನ ಸಂಚಾರದ ಸುದ್ದಿ ಹೇಳುತ್ತವೆ. ಆ ಬೆಳಕು ಬೀಳುವ ಜಾಗ ಕೆಲವೇ ಮೀಟರ್. ಸುದ್ದಿ ಕೇಳಿಸಿತು ಎಂದರೆ ಕಾರು ಆ ಪೆಟ್ಟಿಗೆಯ ಕೆಳಗೇ ಇದೆ.

ಬೆಳಕನ್ನೂ ಕ್ಯಾಮೆರಾವನ್ನೂ ಬಿಟ್ಟರೆ ಗತಿಯೇ ಇಲ್ಲ ಎನ್ನುವ ಜಾಗವೊಂದಿದೆ. ಚಂದ್ರನ ಸುತ್ತ ದಾರಿ ಹೇಳುವ ಉಪಗ್ರಹಗಳ ಜಾಲವಿಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿಯುವಾಗ ಅದರ ಕ್ಯಾಮೆರಾ ಕೆಳಗಿನ ಕುಳಿಗಳ ಚಿತ್ರ ತೆಗೆದು, ಒಳಗೆ ತುಂಬಿಕೊಂಡು ಹೋಗಿದ್ದ ಚಂದ್ರನ ನಕ್ಷೆಯ ಜೊತೆ ತಾಳೆ ನೋಡಿ, 'ನಾನು ಈ ಅಕ್ಷಾಂಶ, ಈ ರೇಖಾಂಶದಲ್ಲಿದ್ದೇನೆ' ಎಂದು ತಾನೇ ಕಂಡುಕೊಂಡಿತು. ಪ್ರಜ್ಞಾನ್ ರೋವರಿನ ಜೋಡಿ ಕಣ್ಣುಗಳನ್ನು ಮಾಡಿಕೊಟ್ಟದ್ದು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. ಆ ಕಣ್ಣುಗಳ ಚಿತ್ರದಿಂದ ಮುಂದಿನ ಐದು ಮೀಟರ್ ನೆಲದ ಏರುತಗ್ಗು ಮಾತ್ರ ತಿಳಿಯುತ್ತಿತ್ತು. ಹಾಗಾಗಿ ಒಂದು ಸಲಕ್ಕೆ ಐದು ಮೀಟರಿಗಿಂತ ಹೆಚ್ಚು ನಡೆಸುವಂತಿಲ್ಲ. ಆಗಸ್ಟ್ 27ರಂದು ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿ ಕಂಡಾಗ, ಬಂದ ದಾರಿಯಲ್ಲೇ ಹಿಂದಿರುಗು ಎಂದು ಇಲ್ಲಿಂದ ಆದೇಶ ಹೋಯಿತು. ನೂರು ಮೀಟರ್ ದಾಟಲು ಹತ್ತು ದಿನ ಹಿಡಿಯಿತು. ಅದು ನಿಧಾನ ಎಂದು ನನಗೆ ಅನ್ನಿಸುವುದಿಲ್ಲ. ಕಂಡಷ್ಟೇ ನಡೆಯುವ ವಾಹನ ಅದು.

ವಿಕ್ರಮ್ ಮಲಗಿದ ಮೇಲೂ ಬೆಳಕಿಗೆ ಉತ್ತರ ಕೊಡುತ್ತಿದೆ. ಅದರ ಮೇಲೆ ನಾಸಾ ಕೊಟ್ಟ, ಬರೀ ಐದು ಸೆಂಟಿಮೀಟರ್ ಅಗಲದ ಒಂದು ಗುಬುಟಿದೆ. ಅದರಲ್ಲಿ ಎಂಟು ಸ್ಫಟಿಕದ ಮೂಲೆಗನ್ನಡಿಗಳು. ಯಾವ ಕಡೆಯಿಂದ ಬೆಳಕು ಬಂದರೂ ಬಂದ ಕಡೆಗೇ ತಿರುಗಿಸುವುದು ಅವುಗಳ ಕೆಲಸ. ಕರೆಂಟು ಬೇಡ, ಆದೇಶ ಬೇಡ. 2023ರ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆ 100 ಕಿಲೋಮೀಟರ್ ದೂರದಿಂದ ಲೇಸರ್ ಮಿಡಿತ ಬಿಟ್ಟಿತು. ಬೆಳಕು ವಾಪಸು ಬಂತು.

ಹೀಗೆ ಕಳೆದುಹೋದದ್ದು ಸಿಕ್ಕಿದ್ದೂ ಇದೆ. 1970ರ ನವೆಂಬರ್‌ನಲ್ಲಿ ಚಂದ್ರನ ಮೇಲಿಳಿದ ಸೋವಿಯತ್ ಗಾಡಿ ಲುನೋಖೋದ್-1 ಹತ್ತು ಕಿಲೋಮೀಟರಿಗೂ ಹೆಚ್ಚು ಓಡಾಡಿ 1971ರ ಸೆಪ್ಟೆಂಬರ್‌ನಲ್ಲಿ ಮೌನವಾಯಿತು. ಅದರ ಬೆನ್ನ ಮೇಲೆ ಫ್ರೆಂಚರು ಮಾಡಿದ ಕನ್ನಡಿ ಇತ್ತು. ಆದರೆ ಎಲ್ಲಿ ನಿಂತಿತು ಎಂದು ನಿಖರವಾಗಿ ಗೊತ್ತಿಲ್ಲದೆ ದಶಕಗಟ್ಟಲೆ ಲೇಸರ್ ಬಿಟ್ಟದ್ದೆಲ್ಲ ಬರಿದಾಯಿತು. 2010ರ ಮಾರ್ಚ್‌ನಲ್ಲಿ ಚಂದ್ರನ ಮೇಲಿನಿಂದ ತೆಗೆದ ಚಿತ್ರವೊಂದರಲ್ಲಿ ಚುಕ್ಕಿಯೊಂದು ಸಿಕ್ಕಿತು. ಎಲ್ಲರೂ ಹುಡುಕುತ್ತಿದ್ದ ಜಾಗಕ್ಕಿಂತ ಕಿಲೋಮೀಟರುಗಟ್ಟಲೆ ಆಚೆ. ಏಪ್ರಿಲ್ 22ರಂದು ನ್ಯೂ ಮೆಕ್ಸಿಕೋದ ಅಪಾಚೆ ಪಾಯಿಂಟಿನ ದೂರದರ್ಶಕದಿಂದ ಅಲ್ಲಿಗೆ ಲೇಸರ್ ಗುರಿಯಿಟ್ಟರೆ, ಮೊದಲ ಯತ್ನದಲ್ಲೇ ಸುಮಾರು ಎರಡು ಸಾವಿರ ಬೆಳಕಿನ ಕಣಗಳು ತಿರುಗಿ ಬಂದವು. ಹೆಚ್ಚುಕಡಿಮೆ ನಲವತ್ತು ವರ್ಷದ ಮೇಲೆ! ಕ್ಯಾಮೆರಾ ಊರು ತೋರಿಸಿತು, ಲೇಸರ್ ಮನೆ ತೋರಿಸಿತು.

ಕ್ಯಾಮೆರಾ ಹೇಗೆ ಕೈಕೊಡುತ್ತದೆ ಎಂಬ ಪಾಠ ಮಂಗಳನಿಂದ ಬಂತು. ಇಂಜೆನ್ಯುಯಿಟಿ ಎಂಬ ಪುಟ್ಟ ಹೆಲಿಕಾಪ್ಟರ್ ಕೆಳಗೆ ನೋಡುವ ಕಪ್ಪುಬಿಳುಪು ಕ್ಯಾಮೆರಾದಿಂದ ಸೆಕೆಂಡಿಗೆ 30 ಚಿತ್ರ ತೆಗೆದು, ನೆಲದ ಗುರುತು ಎಷ್ಟು ಸರಿದಿದೆ ನೋಡಿ, ತನ್ನ ಚಲನೆಯನ್ನು ತಿದ್ದಿಕೊಳ್ಳುತ್ತಿತ್ತು. 2021ರ ಮೇ 22ರ ಆರನೆಯ ಹಾರಾಟದಲ್ಲಿ, ಹಾರಿ 54 ಸೆಕೆಂಡಾಗಿತ್ತು, ಒಂದೇ ಒಂದು ಚಿತ್ರ ಕೈತಪ್ಪಿತು. ಅದರ ಮುಂದಿನ ಚಿತ್ರಕ್ಕೆಲ್ಲ ತಪ್ಪು ಹೊತ್ತಿನ ಮುದ್ರೆ ಬಿತ್ತು. ಪಾಪ, ಹೆಲಿಕಾಪ್ಟರು ಇಲ್ಲದ ತಪ್ಪನ್ನು ತಿದ್ದಲು ಹೋಗಿ ಹಿಂದೆ ಮುಂದೆ ಓಲಾಡತೊಡಗಿತು. ಇಳಿಯುವ ಕೊನೆಯ ಗಳಿಗೆಯಲ್ಲಿ ಕ್ಯಾಮೆರಾದ ಮಾತು ಕೇಳಬಾರದೆಂದು ಮೊದಲೇ ಬರೆದಿಟ್ಟಿದ್ದರಿಂದ ಹೇಗೋ ಉಳಿಯಿತು. ಅದರ ಕೊನೆಯೂ ಕಣ್ಣಿನಿಂದಲೇ ಆಯಿತು. 2024ರ ಜನವರಿ 18ರಂದು, ಗುರುತೇ ಇಲ್ಲದ ನುಣ್ಣನೆಯ ಮರಳ ಅಲೆಗಳ ಮೇಲೆ ಹಾರುವಾಗ ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಏನೂ ಸಿಗದೆ ಬಿದ್ದು ರೆಕ್ಕೆ ಮುರಿಯಿತು.

ಆ ಮರಳಿನ ಮೇಲೆ ನಾಲ್ಕು ದೀಪಗಳಿದ್ದಿದ್ದರೆ ಎಂದು ನನಗೆ ಅನ್ನಿಸುತ್ತದೆ. ಮಂಗಳದಲ್ಲಿ ಅದು ಆಗದ ಮಾತು. ನಮ್ಮ ಸುರಂಗಗಳಲ್ಲಿ ದೀಪಗಳು ಆಗಲೇ ಉರಿಯುತ್ತಿವೆ. ರೋಹ್ತಾಂಗಿನ ಅಟಲ್ ಸುರಂಗ 9.02 ಕಿಲೋಮೀಟರ್. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಕೊರೆಯುವ ಪ್ರಸ್ತಾಪವಿದೆ. ಅದು ಬೇಕೋ ಬೇಡವೋ ಎಂಬ ಜಗಳ ಬೇರೆ. ಕೊರೆಯುವುದೇ ಆದರೆ, ಒಳಗೆ ಕೆಟ್ಟು ನಿಂತ ಕಾರು ತಾನು ಯಾವ ದೀಪದ ಕೆಳಗಿದ್ದೇನೆಂದು ಹೊರಗಿನವರಿಗೆ ಹೇಳುವಂತಿರಬೇಕು, ಇದನ್ನು ಟೆಂಡರಿನಲ್ಲೇ ಬರೆಯಬೇಕು. ಕಟ್ಟಿದ ಮೇಲೆ ಹಾಕುತ್ತೇವೆ ಎಂದರೆ ಹಾಕಿದ ಹಾಗೇ. ರಾಯಚೂರಿನ ಹಟ್ಟಿಯಂಥ ಆಳದ ಗಣಿಗಳಲ್ಲಿ ದುಡಿಯುವವರ ವಾಹನಗಳಿಗೂ ಇದು ಸಲ್ಲಬೇಕು. ಅಲ್ಲಿಗೆ ಯಾವ ಉಪಗ್ರಹದ ಮಾತೂ ಎಂದೂ ತಲುಪುವುದಿಲ್ಲ.

ಹೊಗೆ ತುಂಬಿದರೆ ದೀಪವೂ ಕಾಣುವುದಿಲ್ಲ, ಕ್ಯಾಮೆರಾವೂ ಕುರುಡು. ಮಂಜು ಕವಿದ ಘಾಟಿಯಲ್ಲಿ, ಮಳೆಗಾಲದಲ್ಲಿ ಕೆಸರು ಸಿಡಿದ ಲೆನ್ಸಿನಲ್ಲೂ ಅಷ್ಟೇ. ಆಗ ಚಕ್ರದ ಸುತ್ತುಗಳ ಎಣಿಕೆ, ರೇಡಿಯೋ ಬೀಕನ್, ಉಪಗ್ರಹ ಯಾವುದು ಸಿಗುತ್ತದೋ ಅದು ನೆರವಿಗೆ ಬರಬೇಕು. ಬೆಳಕು ಉಪಗ್ರಹವನ್ನು ಓಡಿಸಲು ಬಂದದ್ದಲ್ಲ. ಸಾಕ್ಷಿ ಒಬ್ಬನೇ ಇದ್ದಾಗ ಅವನು ತಪ್ಪು ಹೇಳಿದರೆ ಗೊತ್ತಾಗುವ ಬಗೆಯಿಲ್ಲ, ಎರಡನೆಯವನಿದ್ದರೆ ಗೊತ್ತಾಗುತ್ತದೆ. ಅವತ್ತು ಡ್ರೈವರ್ ಓದಿದ ಕಂಬದ ನಂಬರು ಆ ಎರಡನೆಯ ಸಾಕ್ಷಿ.

ನನಗೆ ಚಿಂತೆಯಿರುವುದು ತಂತ್ರಜ್ಞಾನದ ಬಗ್ಗೆ ಅಲ್ಲ, ದಫ್ತರದ ಬಗ್ಗೆ. ಯಾವ ನಂಬರಿನ ದೀಪ ಯಾವ ಜಾಗದಲ್ಲಿದೆ ಎಂಬ ಪಟ್ಟಿಯ ಮೇಲೆ ಇಡೀ ವ್ಯವಸ್ಥೆ ನಿಂತಿರುತ್ತದೆ. ದೀಪ ಸುಟ್ಟುಹೋಗುತ್ತದೆ. ಲೈನ್‌ಮನ್ ಬಂದು ಏಣಿ ಹಾಕಿ, ಗೋದಾಮಿನಿಂದ ತಂದ ಇನ್ನೊಂದನ್ನು ಸಿಕ್ಕಿಸುತ್ತಾನೆ. ಹೊಸ ದೀಪ ಹಳೆಯದರಷ್ಟೇ ಚೆನ್ನಾಗಿ ಉರಿಯುತ್ತದೆ, ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅದು ಮಿಟುಕುತ್ತಿರುವುದು ಎರಡು ಕಿಲೋಮೀಟರ್ ಆಚೆಯ ಕಂಬದ ನಂಬರನ್ನು. ಏಣಿಯ ಮೇಲಿರುವ ಆ ಮನುಷ್ಯ ಈಗ ಎವರೆಸ್ಟನ ದೀಪ ಕಾಯುತ್ತಿದ್ದ ಖಲಾಸಿಯ ಜಾಗದಲ್ಲಿದ್ದಾನೆ. ಕೆಳಗಿಳಿದ ಮೇಲೆ ಅವನು ಪುಸ್ತಕ ತೆಗೆದು, ಇಂಥ ಕಂಬಕ್ಕೆ ಇಂಥ ದೀಪ ಎಂದು ಬರೆದು ಸಹಿ ಹಾಕಬೇಕು. ಆ ಪುಸ್ತಕವನ್ನು ಅವನ ಕೈಗೆ ಕೊಡುವವರು ಯಾರು, ಅವನ ಸಂಬಳ ತಿಂಗಳು ತಿಂಗಳು ಬರುವುದೇ ಎಂಬುದನ್ನೂ ಟೆಂಡರಿನಲ್ಲಿ ಬರೆಯಬೇಕು.